ಮರುಟೆಂಡರ್ ಕರೆಯಿರಿ, ಆದರೆ ಅದೇ ಎಸ್ಟಿಮೇಟ್ ಇಟ್ಟುಕೊಂಡಲ್ಲ

ನಮ್ಮ ಅಂಗಡಿಗೆ ಮೂರು ಮೆಟ್ಟಿಲಿದ್ದವು. ಅಪ್ಪ ಹಾಕಿಸಿದ್ದು, ಕಲ್ಲಿನವು. ಚಿಕ್ಕವನಿದ್ದಾಗ ಮೇಲಿನ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟರೆ ನೆಲ ಸಿಗುತ್ತಿರಲಿಲ್ಲ. ಈಗ ಒಂದೇ ಮೆಟ್ಟಿಲು ಕಾಣುತ್ತದೆ. ಉಳಿದೆರಡನ್ನು ಯಾರೂ ಕಿತ್ತಿಲ್ಲ. ಅಲ್ಲೇ ಇವೆ, ರಸ್ತೆಯ ಕೆಳಗೆ. ಡಾಂಬರು ಹಾಕಿದಾಗಲೆಲ್ಲ ಹಳೆಯದನ್ನು ತೆಗೆಯದೆ ಅದರ ಮೇಲೇ ಹಾಕಿದರು. ರಸ್ತೆ ಏರುತ್ತಾ ಬಂತು, ಅಂಗಡಿ ಕುಳ್ಳಾಗುತ್ತಾ ಹೋಯಿತು. ಮಳೆಗಾಲದಲ್ಲಿ ಈಗ ಸಿಮೆಂಟ್ ಚೀಲಗಳನ್ನು ನೆಲದ ಮೇಲೆ ಇಡುವ ಹಾಗೇ ಇಲ್ಲ. ಮರದ ಅಟ್ಟಣೆ ಮಾಡಿಸಿ ಅದರ ಮೇಲೆ ಪೇರಿಸುತ್ತೇನೆ.

ಈಗ ಆ ರಸ್ತೆಗೆ ಕಾಂಕ್ರೀಟ್ ಬರುತ್ತದಂತೆ. ಎರಡೂ ಬದಿ ಚರಂಡಿಯೂ ಇದೆಯಂತೆ. ಗುರುವಾರ ಪುರಸಭೆ ಮೀಟಿಂಗಲ್ಲಿ ತೀರ್ಮಾನ. ಬಂದಿರುವ ಟೆಂಡರ್ ಒಪ್ಪಿ ವರ್ಕ್ ಆರ್ಡರ್ ಕೊಡುವುದೋ, ಅದನ್ನು ರದ್ದು ಮಾಡಿ ಮರುಟೆಂಡರ್ ಕರೆಯುವುದೋ ಅಂತ. ಊರಿನ ಹೆಸರು ಬೇಡ. ಶಿವಮೊಗ್ಗದಿಂದ ಘಟ್ಟದ ಕಡೆ ಹೊರಟರೆ ಸಿಗುವ ಊರುಗಳಲ್ಲಿ ಒಂದು. ನಮ್ಮೂರಿನವರಿಗೆ ಹೇಗೂ ಗೊತ್ತಾಗುತ್ತದೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟಲ್ಲಿ ಕೆದಕುವುದು ಬೇಡ. ನನ್ನದು ಹಾರ್ಡ್‌ವೇರ್ ಅಂಗಡಿ. ಟೆಂಡರ್ ಹಾಕಿದ ಇಬ್ಬರೂ ನನ್ನ ಗಿರಾಕಿಗಳೇ. ಇಬ್ಬರ ಹೆಸರಲ್ಲೂ ನನ್ನ ಉದ್ರಿ ಪುಸ್ತಕದಲ್ಲಿ ಪುಟ ಇದೆ. ಕೆಲಸ ಯಾರಿಗೆ ಸಿಕ್ಕರೂ ನನ್ನ ಬಾಕಿ ಬರುವ ಹೊತ್ತಿಗೇ ಬರುತ್ತದೆ. ಇನ್ನೊಂದು ಮಾತು. ರಸ್ತೆ ಮಾಡಿ ಮೂರೇ ತಿಂಗಳಿಗೆ ನಲ್ಲಿ ಪೈಪಿಗೆ ಅಂತ ಮತ್ತೆ ಅಗೆದರೆ ಪೈಪು, ಬೆಂಡು, ಸಲ್ಯೂಷನ್ ಮಾರುವವನು ನಾನೇ. ಅಂದರೆ ಕೆಟ್ಟ ರಸ್ತೆಯಿಂದ ನನಗೆ ಲಾಭವೇ ಜಾಸ್ತಿ. ಆದರೂ ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಬಂದಿದ್ದು ಎರಡೇ ಟೆಂಡರ್. ಟೆಕ್ನಿಕಲ್ ಕವರ್ ತೆರೆದಾಗ ಒಬ್ಬರದ್ದು ಬಿದ್ದುಹೋಯಿತು, ಯಾವುದೋ ಸರ್ಟಿಫಿಕೇಟ್ ಸರಿ ಇರಲಿಲ್ಲವಂತೆ. ಉಳಿದವರ ಫೈನಾನ್ಷಿಯಲ್ ಕವರ್ ತೆರೆದರು. ರೇಟು ಎಸ್ಟಿಮೇಟ್‌ಗಿಂತ ಸ್ವಲ್ಪ ಅಬೋವ್. ಅಲ್ಲಿಂದ ಶುರುವಾಯಿತು ನೋಡಿ. ಸದಸ್ಯರಲ್ಲಿ ಅರ್ಧ ಜನ, ‘ಒಬ್ಬನೇ ಇದ್ದ ಮೇಲೆ ಅದೆಂಥ ಸ್ಪರ್ಧೆ, ರದ್ದು ಮಾಡಿ’ ಅನ್ನುತ್ತಾರೆ. ಇನ್ನರ್ಧ ಜನ, ‘ಮತ್ತೆ ಟೆಂಡರ್ ಅಂತ ಕೂತರೆ ಅನುದಾನ ವಾಪಸ್ ಹೋಗುತ್ತೆ, ಜನ ಇನ್ನೆಷ್ಟು ವರ್ಷ ಧೂಳು ಕುಡಿಯಬೇಕು’ ಅನ್ನುತ್ತಾರೆ. ಯಾರು ಯಾರ ಕಡೆ ಅನ್ನುವುದಕ್ಕೆ ವಾಟ್ಸಾಪ್ ಗ್ರೂಪುಗಳಲ್ಲಿ ಬೇಕಾದಷ್ಟು ಕಥೆ ಓಡುತ್ತಿವೆ. ನನಗೆ ಅದರಲ್ಲಿ ಒಂದೂ ಖಾತ್ರಿ ಇಲ್ಲ, ಅದಕ್ಕೇ ಇಲ್ಲಿ ಬರೆಯುವುದಿಲ್ಲ.

ನನ್ನ ತಕರಾರು ಬೇರೆ. ಯಾರಿಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು ಅಂತ ಎರಡು ವಾರದಿಂದ ಜಗಳ ಆಗುತ್ತಿದೆ. ಏನು ಕಟ್ಟಿಸುತ್ತಿದ್ದೇವೆ ಅಂತ ಒಬ್ಬರೂ ಎಸ್ಟಿಮೇಟ್ ತೆರೆದು ನೋಡಿದ ಹಾಗಿಲ್ಲ.

ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆಸಿದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಅಷ್ಟೇ ಖರ್ಚು. ಓದುವುದಕ್ಕೆ ಮೂರು ರಾತ್ರಿ ಹಿಡಿಯಿತು. ಕಾಂಕ್ರೀಟ್ ಎಷ್ಟು ದಪ್ಪ, ಯಾವ ಗ್ರೇಡು, ಕಂಬಿ ಎಷ್ಟು, ಎಲ್ಲ ಬರೆದಿದೆ. ಬರೆದಿರುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಬರೆಯದೇ ಬಿಟ್ಟಿದ್ದೇ ತೊಂದರೆ. ಹಳೇ ಡಾಂಬರನ್ನು ಕೆರೆದು ತೆಗೆಯುವ ಬಾಬ್ತೇ ಇಲ್ಲ. ಅಂದರೆ ಈ ಸಲವೂ ಮೇಲೇ. ನನ್ನ ಕೊನೇ ಮೆಟ್ಟಿಲೂ ಹೋಯಿತು ಅಂತ ಲೆಕ್ಕ. ಇನ್ನು ಚರಂಡಿ, ಬಸ್ ಸ್ಟ್ಯಾಂಡ್ ಕಡೆಯಿಂದ ಶುರುವಾಗಿ ‘ಹಳೇ ಮೋರಿಯವರೆಗೆ’ ಅಂತ ಇದೆ. ಅಲ್ಲಿಗೆ ಮುಗಿಯಿತು. ಮೋರಿ, ಅಂದರೆ ನೀರು ರಸ್ತೆಯ ಅಡಿಯಿಂದ ಆಚೆ ದಾಟುವ ದಾರಿ, ಅದರ ಬಗ್ಗೆ ಒಂದು ಸಾಲೂ ಇಲ್ಲ. ಯಾಕೆ ಅಂದರೆ ಮೋರಿ ಇರುವುದು ಇನ್ನೊಂದು ಇಲಾಖೆಯ ರಸ್ತೆಯ ಕೆಳಗೆ. ನಮ್ಮ ಕಾಗದ ಗಡಿಯಲ್ಲಿ ನಿಂತುಬಿಟ್ಟಿದೆ. ನೀರಿಗೆ ಆ ಗಡಿ ಗೊತ್ತಿಲ್ಲವಲ್ಲ.

ಹೋದ ಭಾನುವಾರ ನಮ್ಮ ಪರಿಚಯದ ಮೇಸ್ತ್ರಿಯನ್ನು ಕರೆದೆ. ಅಂಗಡಿಯಿಂದ ಲೆವೆಲ್ ಪೈಪ್ ತಗೊಂಡೆವು. ಅದೇ, ಮನೆ ಕಟ್ಟುವಾಗ ಹಿಡಿಯುತ್ತಾರಲ್ಲ, ಒಳಗಿನ ನೀರು ಕಾಣುವ ಸಣ್ಣ ಪೈಪು. ನೀರು ತುಂಬಿ, ಗುಳ್ಳೆ ಎಲ್ಲ ಹೋಗುವವರೆಗೆ ಬೆರಳಲ್ಲಿ ತಟ್ಟಿ ತಟ್ಟಿ ಕಾದರು ಮೇಸ್ತ್ರಿ. ಒಂದು ಗುಳ್ಳೆ ಉಳಿದರೂ ಲೆವೆಲ್ ಸುಳ್ಳು ಹೇಳುತ್ತದಂತೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪೈಪು ಸಾಲುವಷ್ಟು ದೂರ ಹೋಗುವುದು, ನೀರು ನಿಂತ ಕಡೆ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಯುವುದು, ಅಲ್ಲಿಂದ ಮತ್ತೆ ಮುಂದೆ. ಟೈಲರ್ ಅಂಗಡಿ ಕಂಬ, ಬೇಕರಿ ಗೋಡೆ, ಔಷಧಿ ಅಂಗಡಿ ಶಟರಿನ ಪಕ್ಕ, ಹೀಗೆ ಮೋರಿವರೆಗೂ ಹೋದೆವು. ‘ಆಸ್ತಿ ಪಾಲಾಗ್ತಿದ್ಯಾ ಮಾರಾಯ್ರೇ’ ಅಂತ ದಾರಿಯಲ್ಲಿ ಹೋಗುವವರು ಕೇಳಿದ್ದೇ ಕೇಳಿದ್ದು.

ಕೊನೆಗೆ ಮೇಸ್ತ್ರಿ ನಕ್ಷೆಯಲ್ಲಿದ್ದ ಚರಂಡಿಯ ಆಳ ನೋಡಿದರು, ಗೋಡೆಯ ಗೆರೆ ನೋಡಿದರು, ಬಗ್ಗಿ ಮೋರಿಯ ಬಾಯಿ ನೋಡಿದರು. ಅಲ್ಲಿಗೆ ಬರುವ ಹೊತ್ತಿಗೆ ಚರಂಡಿಯ ತಳ ಮೋರಿಯ ತಳಕ್ಕಿಂತ ಒಂದು ಗೇಣು ಕೆಳಗಿರುತ್ತದೆ.

‘ಅಣ್ಣಾ, ಇದು ಚರಂಡಿ ಅಲ್ಲ. ತೊಟ್ಟಿ’ ಅಂದರು.

ನಾವೇನು ಇಂಜಿನಿಯರುಗಳಲ್ಲ. ನಮ್ಮ ಅಳತೆ ಎರಡು ಬೆರಳು ಆಚೀಚೆ ಆಗಿರಬಹುದು. ಒಂದು ಗೇಣು ಆಗುವುದಿಲ್ಲ. ಬೇಕಿದ್ದರೆ ಪುರಸಭೆಯ ಜೂನಿಯರ್ ಇಂಜಿನಿಯರ್ ಅವರು ಉಪಕರಣ ತಂದು ಹತ್ತು ನಿಮಿಷ ನಿಲ್ಲಲಿ. ಗೆರೆಗಳು ಇನ್ನೂ ಗೋಡೆ ಮೇಲಿವೆ. ಬೇಕರಿಯವರು ಮಾತ್ರ ಒರೆಸಿಬಿಟ್ಟರು.

ಮಳೆ ಕಡಿಮೆ ಇರುವ ಕಡೆ ಇಂಥ ಚರಂಡಿ ಹೇಗೋ ನಡೆದುಹೋಗುತ್ತದೆ. ಶಿವಮೊಗ್ಗ ಪೇಟೆಯಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರಿನ ಒಳಗೇ. ಅಲ್ಲಿಂದ ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರೆ ಏಳು ಸಾವಿರ. ನಡುವೆ ಇರುವುದು ನೂರು ಕಿಲೋಮೀಟರೂ ಇಲ್ಲ. ಇಷ್ಟು ವ್ಯತ್ಯಾಸ ಇರುವ ಒಂದೇ ಜಿಲ್ಲೆಯಲ್ಲಿ ಒಂದೇ ಅಳತೆಯ ಚರಂಡಿ ಎಲ್ಲ ಊರಿಗೂ ಹೇಗೆ ಸರಿಹೋಗುತ್ತದೆ? ನಮ್ಮ ಬೀದಿಗೆ ಪುನರ್ವಸು ಮಳೆ ಹಿಡಿದ ಒಂದು ಮಧ್ಯಾಹ್ನ ಬಂದು ನಿಂತರೆ ಸಾಕು, ಯಾವ ಕಡೆಯ ನೀರು ಎಲ್ಲಿ ಸೇರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಎಸ್ಟಿಮೇಟ್ ಮಾಡಿದವರು ಬಂದಿದ್ದು ಬೇಸಿಗೆಯಲ್ಲಿ ಇರಬೇಕು.

ಹಾಗಾದರೆ ಮರುಟೆಂಡರ್ ಬೇಕೋ ಬೇಡವೋ?

ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕುತ್ತೇವೆ, ಟೆಂಡರ್ ಆಗುತ್ತದೆ. ರೇಟು ಒಪ್ಪಿಗೆ ಆಗದಿದ್ದರೆ ಕೊಡುವುದಿಲ್ಲ, ಮುಂದಿನ ಟೆಂಡರ್‌ಗೆ ಇಡುತ್ತೇವೆ. ಅದು ನಮ್ಮ ಹಕ್ಕು. ಆದರೆ ರಾಶಿಯಲ್ಲಿ ಗೊರಬಲು, ಅಂದರೆ ಕಡಿಮೆ ದರ್ಜೆಯ ಅಡಿಕೆ, ಬೆರೆತಿದ್ದರೆ? ಅದೇ ಚೀಲವನ್ನು ಹತ್ತು ಸಲ ಟೆಂಡರ್‌ಗೆ ಇಟ್ಟರೂ ಖರೀದಿದಾರ ಕೈ ಹಾಕಿ ನೋಡಿ ಅದೇ ರೇಟು ಬರೆಯುತ್ತಾನೆ. ಚೀಲ ಬಿಚ್ಚಿ, ಸುರಿದು, ಆರಿಸಿ ತೆಗೆದು, ಆಮೇಲೆ ಇಡಬೇಕು. ಪುರಸಭೆ ಈಗ ಚೀಲ ಬಿಚ್ಚದೆ ಮತ್ತೊಂದು ಸಲ ಇಡುವ ಮಾತಾಡುತ್ತಿದೆ.

ಅದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ಒಬ್ಬ ಕಂಟ್ರಾಕ್ಟರನ ರೇಟು ಈಗ ಊರಿಗೆಲ್ಲ ಗೊತ್ತಾಗಿದೆ. ಇಸ್ಪೀಟಲ್ಲಿ ಒಬ್ಬನ ಎಲೆ ಮಾತ್ರ ತಿರುಗಿಸಿ, ‘ಸರಿ, ಮತ್ತೆ ಕಲೆಸೋಣ’ ಅಂದ ಹಾಗೆ. ಅದೇ ಕೆಲಸಕ್ಕೆ ಅದೇ ಎಸ್ಟಿಮೇಟ್ ಇಟ್ಟು ಮತ್ತೆ ಕರೆದರೆ ಉಳಿದವರು ಅವನ ರೇಟು ಕೈಯಲ್ಲಿ ಹಿಡಿದೇ ಬರೆಯುತ್ತಾರೆ. ಅವನಿಗಿಂತ ಹತ್ತು ರೂಪಾಯಿ ಕಡಿಮೆ ಹಾಕಿದರೆ ಸಾಕು. ಅಥವಾ ಕೆಲಸ ಸಿಕ್ಕರೆ ಸಾಕು ಅಂತ ತೀರಾ ಬಿಲೋ ಹಾಕುತ್ತಾರೆ. ತೀರಾ ಬಿಲೋ ಹಾಕಿದವರು ಅದನ್ನು ಎಲ್ಲಿ ಸರಿದೂಗಿಸುತ್ತಾರೆ ಅಂತ ಸಿಮೆಂಟ್ ಮಾರುವ ನನಗೆ ಗೊತ್ತು. ಚೀಲದ ಲೆಕ್ಕದಲ್ಲಿ.

ಕೆಲಸವೇ ಬದಲಾದರೆ ವಿಷಯ ಬೇರೆ. ಡಾಂಬರು ಕೆರೆಯುವುದು, ಚರಂಡಿಯ ಇಳಿಜಾರು ಸರಿ ಮಾಡುವುದು, ಮೋರಿ ಇಳಿಸುವುದು, ಮುಂದಿನ ನಲ್ಲಿ ಸಂಪರ್ಕಕ್ಕೆ ಅಂತ ರಸ್ತೆಗೆ ಅಡ್ಡಡ್ಡ ಖಾಲಿ ಪೈಪು ಹೂತಿಡುವುದು, ಇಷ್ಟು ಸೇರಿದರೆ ಅದು ಹೊಸ ಕೆಲಸ. ಹಳೇ ರೇಟಿಗೆ ಅಲ್ಲಿ ಅರ್ಥವೇ ಇರುವುದಿಲ್ಲ. ಎಲ್ಲರೂ ಹೊಸದಾಗಿ ಲೆಕ್ಕ ಹಾಕಬೇಕು. ಕಾನೂನೂ ಇದಕ್ಕೆ ಅಡ್ಡ ಬರುವುದಿಲ್ಲ. 1999ರ ಕೆಟಿಪಿಪಿ ಕಾಯ್ದೆ, ಅದೇ ಟೆಂಡರಿನ ಪಾರದರ್ಶಕತೆ ಕಾಯ್ದೆ, ಅದರ 14ನೇ ಕಲಂ ಎಲ್ಲ ಟೆಂಡರುಗಳನ್ನೂ ತಿರಸ್ಕರಿಸುವುದಕ್ಕೆ ಹೆಸರಿಸಿರುವ ಕಾರಣಗಳಲ್ಲಿ ಕೆಲಸದ ವ್ಯಾಪ್ತಿ ಬದಲಾಗುವುದೂ ಒಂದು. ಆದರೆ ಅದನ್ನು ಒಪ್ಪಿಗೆಯ ಆದೇಶ ಕೊಡುವ ಮುಂಚೆಯೇ ಮಾಡಬೇಕು. ಗುರುವಾರ ಒಪ್ಪಿಗೆ ಕೊಟ್ಟು ಶುಕ್ರವಾರ ಮೋರಿ ನೆನಪಾದರೆ ಆಗ ಎಲ್ಲವೂ ಗೋಜಲು.

‘ತಡ ಆಗುತ್ತೆ’ ಅನ್ನುವವರಿಗೆ ಒಂದು ಪ್ರಶ್ನೆ. ಈಗ ಮಾರ್ಚ್ ಮುಗಿಯುತ್ತಾ ಬಂತು. ನಾಳೆಯೇ ಒಪ್ಪಿದರೂ ಬಿದ್ದುಹೋದವರು ಮೇಲ್ಮನವಿ ಹಾಕುವುದಕ್ಕೆ ಕಾಯ್ದೆ 30 ದಿನ ಕೊಟ್ಟಿದೆ. ಆಮೇಲೆ ಅಗ್ರಿಮೆಂಟು, ಸಾಮಾನು ತರುವುದು. ರಸ್ತೆ ಅಗೆಯುವ ಹೊತ್ತಿಗೆ ಮೇ ತಿಂಗಳು. ಜೂನ್ ಎರಡನೇ ವಾರಕ್ಕೆ ಮೃಗಶಿರಾ. ಅಗೆದು ಬಿಟ್ಟ ಬೀದಿಯಲ್ಲಿ ಮಳೆಗಾಲ ಕಳೆಯುವುದು ಹೇಗೆ ಅಂತ ಅನುಭವಿಸಿದವರು ಹೇಳಲಿ. ಇನ್ನು ಕಾಂಕ್ರೀಟಿಗೆ ನೀರುಣಿಸುವುದು. ಗದ್ದೆಗೆ ಬದು ಕಟ್ಟಿದ ಹಾಗೆ ಮಣ್ಣಿನ ಏರಿ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸಬೇಕು. ಅದು ಪೂರ್ತಿ ಗಟ್ಟಿಯಾಗುವುದಕ್ಕೆ 28 ದಿನದ ಲೆಕ್ಕ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ನಲ್ಲಿ ಬರುವುದೇ ದಿನ ಬಿಟ್ಟು ದಿನ. ಕುಡಿಯುವುದಕ್ಕೆ ಕೊಡಪಾನ ಹಿಡಿದು ನಿಂತವರ ಎದುರು ರಸ್ತೆಗೆ ಟ್ಯಾಂಕರ್ ಬಿಡುತ್ತೀರಾ?

ಅದಕ್ಕಿಂತ ಮಳೆಗಾಲವನ್ನು ಕಾಗದದ ಕೆಲಸಕ್ಕೆ ಬಳಸಿ. ಜೂನ್‌ನಲ್ಲಿ ನೀರು ಹರಿಯುವಾಗ ಇಂಜಿನಿಯರ್ ಬಂದು ನೋಡಲಿ. ಜುಲೈ, ಆಗಸ್ಟಲ್ಲಿ ಎಸ್ಟಿಮೇಟ್ ತಿದ್ದಿ ಟೆಂಡರ್ ಕರೆಯಿರಿ. ದಸರಾ ಮುಗಿಯುತ್ತಿದ್ದ ಹಾಗೆ ಗುದ್ದಲಿ ಹಾಕಿ. ಹೇಗೂ ಕೆಲಸ ನಡೆಯದ ತಿಂಗಳುಗಳವು, ಹೋಗುವುದಾದರೂ ಏನು?

ಹಣ ವಾಪಸ್ ಹೋಗುತ್ತದೆ ಅನ್ನುವ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅದು ನಿಜವೇ ಆದರೆ ನನ್ನ ವಾದದ ಬೆನ್ನು ಮುರಿಯುತ್ತದೆ. ಆದರೆ ಯಾವ ಅನುದಾನ, ಯಾವ ತಾರೀಖಿನೊಳಗೆ ಖರ್ಚಾಗಬೇಕು ಅಂತ ಬರೆದ ಆದೇಶವನ್ನು ಮೀಟಿಂಗಲ್ಲಿ ಓದಿ ಹೇಳಿ. ಬಾಯಿ ಮಾತಲ್ಲಿ ಹೆದರಿಸುವುದು ಬೇಡ. ಎಸ್ಟಿಮೇಟ್ ತಿದ್ದಿದರೆ ಮೊತ್ತ ಜಾಸ್ತಿ ಆಗುತ್ತದೆ, ಅದೂ ಗೊತ್ತು. ಹಣ ಸಾಲದಿದ್ದರೆ ರಸ್ತೆಯ ಉದ್ದ ಕಡಿಮೆ ಮಾಡಿ. ಬಸ್ ಸ್ಟ್ಯಾಂಡ್ ಕಡೆಯ ತುದಿ ಮುಂದಿನ ವರ್ಷಕ್ಕಿರಲಿ. ಮೋರಿ ಕಡೆಯಿಂದ ಮೇಲಕ್ಕೆ ಬನ್ನಿ. ನೀರಿನ ಕೆಲಸ ಯಾವತ್ತೂ ತಗ್ಗಿನಿಂದ ಶುರುವಾಗಬೇಕು ಅಂತ ನಮ್ಮ ಮೇಸ್ತ್ರಿ.

ಇದನ್ನೆಲ್ಲ ಹೂವಿನ ಅಕ್ಕನ ಹತ್ತಿರ ಹೇಳಿದೆ. ನಮ್ಮ ಅಂಗಡಿ ಎದುರು ಹಳೇ ಚರಂಡಿಯ ಚಪ್ಪಡಿ ಮೇಲೆ ಕೂತು ಮಾರುತ್ತಾರೆ, ನಾನು ಕಂಡ ಹಾಗೆ ಇಪ್ಪತ್ತು ವರ್ಷದಿಂದ. ಅವರಿಗೆ ನನ್ನ ಮಾತು ಹಿಡಿಸಲಿಲ್ಲ.

‘ಅಣ್ಣ, ನಿಮಗೆ ಒಂದಾದ್ರೂ ಮೆಟ್ಟಿಲಿದೆ. ನಂಗೆ ಈ ಧೂಳು ಇನ್ನೊಂದು ವರ್ಷ ಅಂದ್ರೆ ಹೂವಿಗೆ ಗಂಟೆಗೊಂದ್ಸಲ ನೀರು ಹೊಡೀಬೇಕು. ನೀವು ಮಾಡಿ ನಿಮ್ಮ ಲೆಕ್ಕಾಚಾರ’ ಅಂದರು.

ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಬಂದು ಎಸ್ಟಿಮೇಟನ್ನು ಮತ್ತೊಮ್ಮೆ ತೆರೆದು ನೋಡಿದೆ. ಹೊಸ ಚರಂಡಿಗೆ ಅಡ್ಡರಸ್ತೆ ಸೇರುವ ಕಡೆ ಮಾತ್ರ ಸ್ಲ್ಯಾಬ್ ಇದೆ. ಉಳಿದದ್ದು ತೆರೆದದ್ದು. ಅಂದರೆ ಈಗ ಅವರು ಕೂತಿರುವ ಜಾಗದಲ್ಲಿ ನಾಳೆ ಕೂರುವುದಕ್ಕೆ ಏನೂ ಇರುವುದಿಲ್ಲ. ಅವರಿಗೆ ಇದನ್ನಿನ್ನೂ ಹೇಳಿಲ್ಲ. ಸ್ಲ್ಯಾಬಿನ ವಿಷಯವನ್ನೂ ನನ್ನ ಮನವಿಯಲ್ಲಿ ಸೇರಿಸಿದ್ದೇನೆ. ಒಂದು ಪ್ರತಿ ಮುಖ್ಯಾಧಿಕಾರಿಗೆ, ಒಂದು ಅಧ್ಯಕ್ಷರಿಗೆ, ಒಂದು ನಮ್ಮ ವಾರ್ಡಿನ ಸದಸ್ಯರಿಗೆ.

ಅಡ್ಡ ಹೂಳುವ ಖಾಲಿ ಪೈಪಿನ ಬಗ್ಗೆ ಒಂದು ಮಾತು ಉಳಿಯಿತು. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತಲ್ಲ, ಆಮೇಲೆ ಅಲ್ಲಿ ರಸ್ತೆ ಕೆಲಸ ನಡೆಯುವಾಗ ಸಾಮಾನಿಗೆ ಹೋದಾಗಲೆಲ್ಲ ನಿಂತು ನೋಡುತ್ತಿದ್ದೆ. ಕೇಬಲ್ಲಿಗೆ ಅಂತಲೇ ಪೈಪು ಮೊದಲೇ ಹೂತಿಡುವುದನ್ನು ಅಲ್ಲೇ ಕಂಡಿದ್ದು. ನಮ್ಮ ಬೀದಿಗೆ ಅಷ್ಟು ದೊಡ್ಡದು ಬೇಡ. ನಾಲ್ಕಾರು ಮನೆಗೊಂದು ಖಾಲಿ ಪೈಪು ಅಡ್ಡ ಮಲಗಿಸಿದರೆ ನಾಳೆ ನಲ್ಲಿ ಸಂಪರ್ಕಕ್ಕೆ ಕಾಂಕ್ರೀಟ್ ಒಡೆಯಬೇಕಾಗುವುದಿಲ್ಲ. ನನ್ನ ವ್ಯಾಪಾರ ಸ್ವಲ್ಪ ಕಡಿಮೆ ಆಗುತ್ತದೆ, ಇರಲಿ.

ಗುರುವಾರ ಮೇಸ್ತ್ರಿಯೂ ನಾನೂ ಲೆವೆಲ್ ಪೈಪ್ ಹಿಡಿದುಕೊಂಡೇ ಪುರಸಭೆಗೆ ಹೋಗುವುದು ಅಂತ ಆಗಿದೆ. ಒಳಗೆ ಬಿಟ್ಟರೆ ಒಳಗೆ, ಇಲ್ಲದಿದ್ದರೆ ಗೇಟಿನ ಹತ್ತಿರ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿರುತ್ತದೆ. ಸಿಮೆಂಟ್ ಬೇಕಾದವರು ಬೆಳಿಗ್ಗೆಯೇ ಬನ್ನಿ.