ಮುತ್ತು ಕೊಟ್ಟಿದ್ದು ಇಬ್ರೂ, ಮಾನ ಹೋಗೋದು ಅವಳೊಬ್ಬಳದ್ದೇ ಯಾಕೆ?

ಸಾಕಾಗೋಗಿದೆ ನಂಗೆ. ಒಬ್ಬ ನಟಿ ಸಿನಿಮಾದಲ್ಲೋ ವೆಬ್ ಸೀರೀಸಲ್ಲೋ ಒಂದು ಲಿಪ್‌ಲಾಕ್ ಸೀನ್ ಮಾಡಿದ್ಲು ಅಂದ್ರೆ ಮುಗೀತು, ಆಮೇಲೆ ಅವಳು ಎಷ್ಟೇ ವರ್ಷ ನಟಿಸ್ಲಿ, ತಾಯಿ ಪಾತ್ರ ಮಾಡ್ಲಿ, ಪೊಲೀಸ್ ಪಾತ್ರ ಮಾಡ್ಲಿ, ಪ್ರಶಸ್ತಿನೇ ತಗೊಳ್ಲಿ, ಹೆಸರಿನ ಹಿಂದೆ 'ಹಾಟ್ ಬೆಡಗಿ', 'ಪಡ್ಡೆ ಹುಡುಗರ ನಿದ್ದೆಗೆಡಿಸಿದ ಚೆಲುವೆ', 'ಮೈಚಳಿ ಬಿಟ್ಟು ನಟಿಸಿದ ನಟಿ' ಅಂತ ಸೇರಿಸದೇ ಯಾರೂ ಸುದ್ದಿ ಬರೆಯಲ್ಲ. ಆ ಸೀನಲ್ಲಿ ಅವಳ ಜೊತೆ ಇದ್ದ ಗಂಡಸು ಎಲ್ಲಿ ಹೋದ? ಮುತ್ತು ಕೊಡೋಕೆ ಇಬ್ರು ಬೇಕಲ್ವಾ? ಅವನಿಗೆ ಪ್ಯಾಕಪ್ ಅಂದ ತಕ್ಷಣ ಆ ಸೀನ್ ಮುಗಿದುಹೋಯ್ತು. ಅವಳಿಗೆ ಸಾಯೋ ತನಕ ಮುಗಿಯಲ್ಲ.

ಮೊನ್ನೆ ಒಬ್ಬ ನಟಿಯ ಸಂದರ್ಶನ ನೋಡ್ದೆ. ಪಾಪ ಆಕೆ ಪಾತ್ರಕ್ಕೋಸ್ಕರ ಆ ಕಡೆಯ ಭಾಷೆ ಹೇಗೆ ಕಲಿತೆ, ಅಲ್ಲಿನ ಹೆಂಗಸರ ಜೊತೆ ಕೂತು ಅವರು ಮಾತಾಡೋ ರೀತಿ ಹೇಗೆ ಗಮನಿಸ್ದೆ ಅಂತ ಖುಷಿಯಿಂದ ಹೇಳ್ತಾ ಇದ್ರೆ, ಪ್ರಶ್ನೆ ಕೇಳೋ ಮಹಾಶಯ ಮಧ್ಯದಲ್ಲೇ ಬಾಯಿ ಹಾಕಿ 'ಆ ಸೀನ್ ಮಾಡೋವಾಗ ಮುಜುಗರ ಆಗ್ಲಿಲ್ವಾ' ಅಂದ. ಆಕೆ ನಕ್ಕು, ಪಾತ್ರಕ್ಕೆ ಬೇಕಿತ್ತು ಸರ್ ಅಂದ್ರು. ಬಿಡ್ಲಿಲ್ಲ. ಮನೇಲಿ ಒಪ್ಪಿದ್ರಾ, ಅಮ್ಮ ನೋಡಿದ್ರಾ, ನಾಳೆ ಮದುವೆಗೆ ತೊಂದ್ರೆ ಆಗಲ್ವಾ... ಆಕೆ ಮಾತಾಡ್ತಾ ಮಾತಾಡ್ತಾ ದುಪಟ್ಟಾ ಸರಿ ಮಾಡ್ಕೊಳ್ಳೋಕೆ ಶುರು ಮಾಡಿದ್ರು, ಮುಖ ಸಣ್ಣದಾಗಿ ಹೋಯ್ತು. ಭಾಷೆ ಕಲಿತಿದ್ದು ಅಲ್ಲಿಗೇ ನಿಂತೋಯ್ತು, ಯಾರೂ ಮತ್ತೆ ಕೇಳ್ಲಿಲ್ಲ. ಅದೇ ಚಾನೆಲಲ್ಲಿ ಅದೇ ಸಿನಿಮಾದ ಹೀರೋ ಸಂದರ್ಶನಾನೂ ಇದೆ, ಅದ್ರಲ್ಲಿ ಪ್ರಶ್ನೆ ಏನು ಗೊತ್ತಾ, ಸಿಕ್ಸ್ ಪ್ಯಾಕ್‌ಗೆ ಡಯಟ್ ಹೇಗಿತ್ತು, ಮುಂದಿನ ಸಿನಿಮಾ ಯಾವುದು. ನಿಮ್ಮ ಅಮ್ಮ ನೋಡಿದ್ರಾ ಅಂತ ಅವನನ್ನ ಯಾರೂ ಕೇಳ್ಲಿಲ್ಲ.

ಇದು ಆ ಒಬ್ಬ ನಟಿಯ ಕಥೆ ಅಲ್ಲ. 'ಪಾರ್ಚ್ಡ್' ಸಿನಿಮಾದ ಒಂದು ದೃಶ್ಯ 2016ರಲ್ಲಿ ಇಲ್ಲಿ ರಿಲೀಸ್ ಆಗೋಕೆ ಮುಂಚೆನೇ ಲೀಕ್ ಆಗಿ ಮೊಬೈಲಿಂದ ಮೊಬೈಲಿಗೆ ಓಡಾಡ್ತು. ಯಾರ ಹೆಸರಲ್ಲಿ? ರಾಧಿಕಾ ಆಪ್ಟೆ ಹೆಸರಲ್ಲಿ. ಅದ್ರಲ್ಲಿ ಆದಿಲ್ ಹುಸೇನ್ ಅಂತ ಇನ್ನೊಬ್ರು ಇದ್ರು, ಒಳ್ಳೆ ನಟ, ಅವರ ಹೆಸರಲ್ಲಿ ಆ ಕ್ಲಿಪ್‌ನ ಫಾರ್ವರ್ಡ್ ಮಾಡಿದ ಒಬ್ಬನನ್ನೂ ನಾನು ನೋಡಿಲ್ಲ. 2022ರಲ್ಲಿ 'ಗೆಹರಾಯಿಯಾ' ಸಿನಿಮಾ ಬಂದಾಗ ನಮ್ಮ ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆಗೆ ಜನ ಕೇಳಿದ್ದು, ಈ ಸೀನ್ ಮಾಡೋಕೆ ಗಂಡನ ಪರ್ಮಿಷನ್ ತಗೊಂಡ್ರಾ ಅಂತ. ಗಂಡನ ಪರ್ಮಿಷನ್! ಮದುವೆ ಆದ ಹೀರೋಗಳು ವರ್ಷಕ್ಕೆರಡು ಸಿನಿಮಾದಲ್ಲಿ ತಮಗಿಂತ ಅರ್ಧ ವಯಸ್ಸಿನ ಹುಡುಗೀರ ಸೊಂಟ ಹಿಡ್ಕೊಂಡು ಕುಣೀತಾರಲ್ಲ, ಅವರ ಹೆಂಡತೀರ ಹತ್ರ ಸಹಿ ಹಾಕಿಸ್ಕೊಂಡು ಬಂದಿದ್ದೀರಾ ಅಂತ ಯಾವತ್ತಾದ್ರೂ ಕೇಳಿದ್ದೀರಾ?

2020ರ ನವೆಂಬರ್ ನೆನಪಿದ್ಯಾ? ಗೋವಾ. ಒಂದೇ ವಾರ. ನಟಿ ಪೂನಂ ಪಾಂಡೆ ಒಂದು ಡ್ಯಾಮ್ ಹತ್ರ ಅಶ್ಲೀಲವಾಗಿ ಶೂಟಿಂಗ್ ಮಾಡಿದ್ರು ಅಂತ ಪೊಲೀಸರು ಹಿಡ್ಕೊಂಡು ಹೋದ್ರು, ಮಾಡೆಲ್, ನಟ ಮಿಲಿಂದ್ ಸೋಮನ್ 55ನೇ ಹುಟ್ಟುಹಬ್ಬಕ್ಕೆ ಬೀಚಲ್ಲಿ ಬೆತ್ತಲೆ ಓಡಿ ಫೋಟೋ ಹಾಕಿದ್ರು. ಕೊನೆಗೆ ಅವರ ಮೇಲೂ ಕೇಸ್ ಆಯ್ತು ಸರಿ, ಆದ್ರೆ ಅರೆಸ್ಟ್ ಆಗ್ಲಿಲ್ಲ, ಜನ ಹೊಗಳಿದ್ದೇ ಹೊಗಳಿದ್ದು, ಈ ವಯಸ್ಸಲ್ಲೂ ಎಂಥ ಫಿಟ್‌ನೆಸ್ ಅಂತ. ಪೂನಂ ಮಾಡೋದೆಲ್ಲ ನಂಗೆ ಇಷ್ಟ ಅಂತೇನಿಲ್ಲ, ಎಷ್ಟೋ ಸಲ ಸಿಟ್ಟು ಬಂದಿದೆ. ಆದ್ರೆ ತಪ್ಪು ಅಂದ್ರೆ ಇಬ್ಬರಿಗೂ ತಪ್ಪು, ಇಲ್ಲ ಅಂದ್ರೆ ಇಬ್ಬರಿಗೂ ಇಲ್ಲ.

ಸಿಲ್ಕ್ ಸ್ಮಿತಾ ವಿಷಯ ಬಂದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಮಾದಕ ಹಾಡು-ಕುಣಿತಗಳಿಗೇ ಹೆಸರಾದ ನಟಿ. 1982ರ ತಮಿಳು ಸಿನಿಮಾ 'ಮೂಂಡ್ರಾಂ ಪಿರೈ'ಯಲ್ಲಿ ಕಮಲ್ ಹಾಸನ್ ಜೊತೆ ಕುಣಿದ್ರು, ಕಮಲ್‌ಗೆ ಅದೇ ಸಿನಿಮಾಗೆ ರಾಷ್ಟ್ರಪ್ರಶಸ್ತಿ ಬಂತು, ದೊಡ್ಡ ನಟ ಆದ್ರು, ಆಗ್ಲೇಬೇಕಿತ್ತು. ಸಿಲ್ಕ್ ಮಾತ್ರ ಸಿಲ್ಕ್ ಆಗೇ ಉಳಿದ್ರು. ನಮ್ಮ 'ಹಳ್ಳಿ ಮೇಷ್ಟ್ರು' ಸಿನಿಮಾದಲ್ಲೂ ಇದ್ರು, 1992ರಲ್ಲಿ. ಆಕೆ ಒಂದು ಹಾಡಿಗೆ ಬಂದ್ರೂ ಸಾಕು ಸಿನಿಮಾ ಮಾರಾಟ ಆಗುತ್ತೆ ಅಂತ ನಿರ್ಮಾಪಕರು ಕ್ಯೂ ನಿಲ್ತಿದ್ರು, ಆದ್ರೆ ಒಂದು ಗೌರವದ ಪಾತ್ರ ಕೊಡಿ ಅಂದ್ರೆ ಎಷ್ಟು ಜನ ಮುಂದೆ ಬಂದ್ರು? 1996ರ ಸೆಪ್ಟೆಂಬರಲ್ಲಿ ಮದ್ರಾಸಲ್ಲಿ ತೀರಿಕೊಂಡಾಗ ಆಕೆಗೆ 35 ವರ್ಷ. 35 ಅಷ್ಟೇ ಕಣ್ರೀ. ಆಮೇಲೆ ಅವರ ಬದುಕನ್ನ ಇಟ್ಕೊಂಡು 2011ರಲ್ಲಿ 'ದಿ ಡರ್ಟಿ ಪಿಕ್ಚರ್' ಮಾಡಿದ್ರು, ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ವಿದ್ಯಾ ಚೆನ್ನಾಗೇ ನಟಿಸಿದ್ರು, ಅವರ ಮೇಲೆ ನಂಗೇನೂ ಇಲ್ಲ. ಆದ್ರೆ ಆ ಹೆಸರಲ್ಲಿ ಚಪ್ಪಾಳೆ ಹೊಡೆದ ಜನ ಆ ಹೆಂಗಸು ಬದುಕಿದ್ದಾಗ ಎಲ್ಲಿದ್ರು?

'ದುಡ್ಡಿಗೋಸ್ಕರ ಮಾಡ್ತಾರೆ, ಅನುಭವಿಸ್ಲಿ' ಅಂತಾರೆ. ಯಾರು ದುಡ್ಡಿಲ್ಲದೆ ಕೆಲ್ಸ ಮಾಡ್ತಾರೆ? ಆ ಸೀನ್ ಬರೆದವನು, ನಿರ್ದೇಶನ ಮಾಡಿದವನು, ಕ್ಯಾಮೆರಾನ ಸೊಂಟಕ್ಕೆ ಇಳಿಸಿದವನು, ಪೋಸ್ಟರಲ್ಲಿ ಅದೇ ಫೋಟೋ ಹಾಕಿಸಿದವನು, ಇವರೆಲ್ಲ ದುಡ್ಡು ಮಾಡ್ಕೊಂಡು ಮನೆಗೆ ಹೋದ್ರು, ಬೈಗುಳ ತಿನ್ನೋಕೆ ಅವಳೊಬ್ಳು. ಇನ್ನೊಂದು ನೋಡಿ, ಹೆಣ್ಣನ್ನ ಮಾಂಸದ ಮುದ್ದೆ ಥರ ತೋರಿಸೋ ಐಟಂ ಸಾಂಗಿಗೆ ನಮ್ಮಲ್ಲಿ ಯಾರದ್ದೂ ತಕರಾರಿಲ್ಲ, ಕುಟುಂಬ ಸಮೇತ ಕೂತು ನೋಡ್ತಾರೆ, ಸ್ಕೂಲ್ ಡೇಲಿ ಪುಟ್ಟ ಪುಟ್ಟ ಹೆಣ್ಮಕ್ಕಳಿಗೆ ಲಿಪ್‌ಸ್ಟಿಕ್ ಹಚ್ಚಿ ಅದೇ ಹಾಡಿಗೆ ಕುಣಿಸ್ತಾರೆ, ಅಪ್ಪ ಅಮ್ಮ ಮುಂದೆ ಬಂದು ವಿಡಿಯೋ ಮಾಡ್ಕೋತಾರೆ. ಆದ್ರೆ ಒಬ್ಬ ಹೆಂಗಸಿಗೆ ಅವಳದ್ದೇ ಆಸೆ ಇದೆ ಅಂತ ತೋರಿಸಿ ನೋಡಿ, ಸಂಸ್ಕೃತಿ ನೆನಪಾಗುತ್ತೆ. 'ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ'ಗೆ 2017ರಲ್ಲಿ ಸೆನ್ಸಾರ್ ಬೋರ್ಡು ಸರ್ಟಿಫಿಕೇಟೇ ಕೊಡಲ್ಲ ಅಂತು, ಕೊಟ್ಟ ಕಾರಣಗಳಲ್ಲಿ ಅದು 'ಲೇಡಿ ಓರಿಯೆಂಟೆಡ್' ಅನ್ನೋದೂ ಒಂದು. ಮೇಲ್ಮನವಿಗೆ ಹೋಗಿ 'ಎ' ಸರ್ಟಿಫಿಕೇಟ್ ತಗೊಂಡು ಬರಬೇಕಾಯ್ತು ಅವರು.

ಪರದೆ ಮೇಲಿನ ಬೈಗುಳದಲ್ಲಿ ಮುಗಿದಿದ್ರೆ ಹೇಗೋ ಸಹಿಸ್ಕೋಬಹುದಿತ್ತೇನೋ. ಸಿನಿಮಾದಲ್ಲಿ ಮಾಡ್ತೀಯಲ್ಲ, ನನ್ನ ಜೊತೆ ಯಾಕಾಗಲ್ಲ ಅಂತ ಹೀರೋಗಳು ಕೇಳ್ತಿದ್ರು, ಒಪ್ಪದೇ ಇದ್ದಿದ್ದಕ್ಕೆ ಸಿನಿಮಾಗಳು ಕೈತಪ್ಪಿದ್ವು ಅಂತ ಹಿಂದಿ ನಟಿ ಮಲ್ಲಿಕಾ ಶೆರಾವತ್ ಸಂದರ್ಶನಗಳಲ್ಲಿ ಹೇಳ್ಕೊಂಡಿದ್ದಾರೆ. ಮಲಯಾಳಂ ಚಿತ್ರರಂಗದ ಹೆಂಗಸರ ಕಷ್ಟ ಏನು ಅಂತ ತಿಳಿಯೋಕೆ ಕೇರಳ ಸರ್ಕಾರ ಮಾಡಿದ್ದ ಹೇಮಾ ಸಮಿತಿಯ ವರದಿಯಲ್ಲೂ ಇದೇ ಇದೆ, ಪರದೆ ಮೇಲೆ ಅಂಥ ಸೀನ್ ಮಾಡೋಳು ಹೊರಗೂ ಅದಕ್ಕೆ ತಯಾರಿರ್ತಾಳೆ ಅಂತ ಗಂಡಸರು ಅಂದ್ಕೊಳ್ತಾರೆ ಅಂತ. ಆ ವರದಿ ಸರ್ಕಾರದ ಕೈ ಸೇರಿದ್ದು 2019ರ ಕೊನೇಲಿ, ಜನರ ಕೈಗೆ ಬಂದಿದ್ದು 2024ರ ಆಗಸ್ಟಲ್ಲಿ.

ನಮ್ಮ ಕನ್ನಡ ಚಿತ್ರರಂಗಕ್ಕೂ ಅಂಥದ್ದೊಂದು ಸಮಿತಿ ಬೇಕು ಅಂತ ಆ ವರ್ಷ ಚಿತ್ರರಂಗದವರ ಹಕ್ಕು, ಸಮಾನತೆಗೆ ಕೆಲ್ಸ ಮಾಡೋ 'ಫೈರ್' ಸಂಘಟನೆಯವರು ಮುಖ್ಯಮಂತ್ರಿಗೆ ಮನವಿ ಕೊಟ್ರು. ಆ ಸುದ್ದಿ ಕೆಳಗಿನ ಕಮೆಂಟ್ ಓದಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. 'ಆ ಸಿನಿಮಾದಲ್ಲಿ ಎಲ್ಲಾ ತೋರಿಸಿ ಈಗ ದೂರು ಕೊಡೋಕೆ ಬಂದ್ಲಾ' ಅಂತ. ಹೌದು ಬಂದ್ಲು, ಏನೀಗ? ಕೆಲ್ಸದಲ್ಲಿ ಮುತ್ತು ಕೊಟ್ಟ ಹೆಂಗಸು ದೂರು ಕೊಡೋ ಹಾಗಿಲ್ಲ ಅಂತ ಯಾವ ಕಾನೂನಲ್ಲಿದೆ, ತೆಗೆದು ತೋರಿಸ್ರಿ ನೋಡೋಣ.