ಪಾಸಿಂಗ್ ದಿನದ ಮದುಮಗ

ಬಾಡಿಗೆ ಓಡುವ ಟಂಟಂ ಆಟೋ ಪಾಸಿಂಗಿಗೆ, ಅಂದರೆ ಆರ್‌ಟಿಒದ ಫಿಟ್‌ನೆಸ್ ತಪಾಸಣೆಗೆ ಹೊರಟಿತೆಂದರೆ ಮದುಮಗ ಹಸೆಮಣೆಗೆ ಹೊರಟ ಹಾಗೆ. ಹಿಂದಿನ ದಿನ ಸಂಜೆ ವಾಟರ್ ಸರ್ವೀಸು. ಎದುರಿನ ಗಾಜನ್ನು ಅರ್ಧ ಮುಚ್ಚಿದ್ದ ‘ತಾಯಿಯ ಆಶೀರ್ವಾದ’ದ ಸ್ಟಿಕರನ್ನು ಬ್ಲೇಡಿನಿಂದ ಕೆರೆದು ತೆಗೆಯುವುದು. ಇಂಡಿಕೇಟರ್ ಬಲ್ಬು ಅಳಿಯನ ಗಾಡಿಯದು, ಸ್ಟೆಪ್ನಿ ತಮ್ಮನದು, ವೈಪರ್ ಕಡ್ಡಿ ಗ್ಯಾರೇಜಿನ ಮಿಸ್ತ್ರಿಯದು. ಫಸ್ಟ್ ಏಡ್ ಡಬ್ಬಿ ಬೇರೆ ಯಾರದೋ, ಒಳಗೆ ಹತ್ತಿಯ ಉಂಡೆಯೊಂದನ್ನು ಬಿಟ್ಟರೆ ಏನೂ ಇರುವುದಿಲ್ಲ.

“ಪಾಸಿಂಗ್ ಆತೇನೋ ತಮ್ಮಾ?”

“ಆತ್ರಿ ಕಾಕಾ. ಈಗ ಹೋಗಿ ಸ್ಟೆಪ್ನಿ ವಾಪಸ್ ಕೊಟ್ಟ ಬರಬೇಕ್ರಿ.”

ಇದನ್ನೆಲ್ಲ ನೋಡಿ “ಬರೇ ರೊಕ್ಕಾ ಕೀಳೂ ಧಂದೆರಿ ಇದು” ಎನ್ನುವವರು ವಿಜಯಪುರದಲ್ಲಿ ಚಹಾದಂಗಡಿಗೊಬ್ಬರು ಸಿಗುತ್ತಾರೆ. ನನಗೆ ಹಾಗನ್ನಿಸಿಲ್ಲ. ಕಡ ತಂದದ್ದಾದರೂ ಆ ಬಲ್ಬು ಒಂದು ದಿನ ಹೊತ್ತುತ್ತದಲ್ಲ! ನನ್ನ ತಕರಾರು ಬೇರೆಯೇ. ಬಾಡಿಗೆ ಓಡುವ ಗಾಡಿಗೆ ಎಂಟು ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಪಾಸಿಂಗ್ ಉಂಟು. ಅದೇ ನಿಮ್ಮ ಸ್ವಂತ ಕಾರು, ಬೈಕು? ಒಮ್ಮೆ ಆರ್‌ಸಿ ಕೊಟ್ಟರೆ 15 ವರ್ಷ. ಆ 15 ವರ್ಷದಲ್ಲಿ ಸರ್ಕಾರ ತಪ್ಪದೆ ವಿಚಾರಿಸುವುದು ಹೊಗೆಯೊಂದನ್ನೇ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ರಸ್ತೆಗೆ ಅಡ್ಡ ಬಂದ ಎಮ್ಮೆ.

ಹೋಗಲಿ, ಆ ಹೊಗೆ ತಪಾಸಣೆಯನ್ನಾದರೂ ನೆಟ್ಟಗೆ ಮಾಡಿಸುತ್ತೇವೆಯೇ? ಹೊಸ ಗಾಡಿಗೆ ಮೊದಲ ವರ್ಷ ಮಾಫಿ. ಆಮೇಲೆ ಬಿಎಸ್-4, ಬಿಎಸ್-6 ಎಂಬ ಹೊಗೆ ಮಾನದಂಡದ ಹೊಸ ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ನಾವು ಹೇಗೆ ಹೋಗುತ್ತೇವೆಂದರೆ, ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, “ಲಗೂನ ಕೊಡ್ರಿ, ಮುಂದ ಪೊಲೀಸ್ರು ನಿಂತಾರ” ಎನ್ನುತ್ತೇವೆ. ನಂಬರ್ ಪ್ಲೇಟಿನ ಫೋಟೋ ಹೊಡೆದರೆ ಕೆಲಸ ಮುಗಿಯಿತೆಂದು ಇಬ್ಬರೂ ತಿಳಿದಿರುತ್ತಾರೆ.

ನಿಜವಾದ ತಪಾಸಣೆಗೆ ಎಂಜಿನ್ ಬಿಸಿಯಾಗಿರಬೇಕು. ಹತ್ತು ನಿಮಿಷ ಓಡಿಸಿಕೊಂಡೇ ಹೋಗಬೇಕು, ಚೋಕ್ ಎಳೆದಿರಬಾರದು, ಗಾಡಿ ಐಡ್ಲಿಂಗಿನಲ್ಲಿ ಒಂದೇ ಸಮ ನಿಂತಿರಬೇಕು. ಮಶಿನಿನ ನಳಿಗೆ ಸೈಲೆನ್ಸರಿನೊಳಗೆ ಕನಿಷ್ಠ 30 ಸೆಂಟಿಮೀಟರ್ ಹೋಗಬೇಕು. ಅಷ್ಟು ಹೋಗದಿದ್ದರೆ ಸೈಲೆನ್ಸರಿನ ತುದಿಗೆ ಬೇರೆ ಕೊಳವೆ ಜೋಡಿಸಬೇಕು. ನಾಲ್ಕು ಬೆರಳಷ್ಟು ತೂರಿಸಿದರೆ ಹೊರಗಿನ ಗಾಳಿ ಬೆರೆತು, ಎಂಥ ಹೊಗೆಬುರುಕ ಗಾಡಿಯೂ ಸಾಧು ಆಗಿಬಿಡುತ್ತದೆ. ಸೈಲೆನ್ಸರಿಗೆ ತೂತು ಬಿದ್ದಿದ್ದರೂ ಅಷ್ಟೇ. ವಿಷ ತೂತಿನಿಂದ ಹೋಗುತ್ತದೆ, ಸರ್ಟಿಫಿಕೇಟು ತುದಿಯಿಂದ ಬರುತ್ತದೆ.

ಬಂದ ಚೀಟಿಯನ್ನು ಯಾರೂ ಓದುವುದಿಲ್ಲ, ಅದೇ ಕೆಟ್ಟದ್ದು. ನೂರು ರೂಪಾಯಿಯೊಳಗೆ ಬೈಕಿನ ಹೊಟ್ಟೆಯೊಳಗಿನ ಸುದ್ದಿ ಅದರಲ್ಲಿರುತ್ತದೆ. 2000ದ ನಂತರದ ಹಳೆಯ ಫೋರ್ ಸ್ಟ್ರೋಕ್ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3.5ರೊಳಗೆ, ಹೈಡ್ರೋಕಾರ್ಬನ್ 4,500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಒಳಗೆ ಇರಬೇಕು. ಮೊದಲನೆಯದು ಏರಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಜೋಳದ ರಾಶಿ ಮುಗಿಸಿಕೊಂಡು ಬಂದ ಬೈಕಿನ ಏರ್ ಫಿಲ್ಟರ್ ಬಿಚ್ಚಿ ನೋಡಿ: ಎರಿಮಣ್ಣಿನ ಧೂಳು, ಅದರ ಮೇಲೆ ಜೋಳದ ಹೊಟ್ಟು, ಎರಡೂ ಮೆತ್ತಿಕೊಂಡು ಕಂಬಳಿಯಾಗಿರುತ್ತದೆ. ಕಾರ್ಬ್ಯುರೇಟರಿಗೆ ಉಸಿರೇ ಇಲ್ಲ. ಅದನ್ನು ಬದಲಿಸುವುದು ಬಿಟ್ಟು ಗಾಳಿ-ಪೆಟ್ರೋಲ್ ಹದ ಮಾಡುವ ಮಿಕ್ಸ್‌ಚರ್ ಸ್ಕ್ರೂ ಅರ್ಧ ಸುತ್ತು ತಿರುವಿ ಪಾಸು ಮಾಡಿಸುತ್ತಾರೆ. ಗಾಡಿ ಮುಂದಿನ ಸಿಗ್ನಲ್ಲಿನಲ್ಲೇ ಬಂದ್ ಬೀಳುತ್ತದೆ. ಮಾಲೀಕ ಅಲ್ಲೇ ಇಳಿದು ಸ್ಕ್ರೂವನ್ನು ಮೊದಲಿನಂತೆ ತಿರುವಿಕೊಂಡು, ಮೈಲೇಜ್ ಕೊಡುತ್ತಿಲ್ಲವೆಂದು ಕಂಪನಿಯನ್ನು ಬಯ್ಯುತ್ತ ಮನೆಗೆ ಹೋಗುತ್ತಾನೆ.

ಮಾನಾಕ್ಸೈಡ್ ಸರಿಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಕಥೆ ಬೇರೆ. ಪೆಟ್ರೋಲ್ ಸುಡದೆ ಹಾಗೆಯೇ ಹೊರಬೀಳುತ್ತಿದೆ. ಮೊದಲು ಸ್ಪಾರ್ಕ್ ಪ್ಲಗ್ ನೋಡಿ, ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿನ ಸಂದು. ಎರಡೂ ಸರಿಯಿದ್ದರೆ ಪಿಸ್ಟನ್ ರಿಂಗ್ ಸವೆದಿವೆಯೆಂದು ತಿಳಿದು ಜೇಬು ಮುಟ್ಟಿ ನೋಡಿಕೊಳ್ಳಿ. ಡೀಸೆಲ್ ಗಾಡಿಗೆ ನ್ಯೂಟ್ರಲ್‌ನಲ್ಲಿ ಎಕ್ಸಿಲೇಟರ್ ಪೂರ್ತಿ ಒತ್ತಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಎಂಜಿನ್ ಆಯಿಲ್ ನೋಡದೆ ಹಾಗೆ ಒತ್ತಿಸಬೇಡಿ, ಸರ್ಟಿಫಿಕೇಟಿನ ಜೊತೆಗೆ ಎಂಜಿನ್ ಕೆಲಸವೂ ಬರುತ್ತದೆ.

ನಂಬರ್ ಪ್ಲೇಟಿನ ಗದ್ದಲ ಇನ್ನೊಂದು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಬೇಕೆಂದಾಗ ಮೊದಲ ಗಡುವು 2023ರ ನವೆಂಬರ್ 17 ಇತ್ತು. ಅದು ಎಷ್ಟು ಸಲ ಮುಂದಕ್ಕೆ ಹೋಯಿತೆಂದರೆ ಜನ ಗಡುವನ್ನೇ ಹಬ್ಬದ ರಜೆಯೆಂದು ತಿಳಿದರು. ಈ ಪ್ಲೇಟಿನ ಜೀವ ಇರುವುದು ಸ್ನ್ಯಾಪ್ ಲಾಕಿನಲ್ಲಿ. ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದು, ಕಳ್ಳ ಪ್ಲೇಟು ಬದಲಿಸಲಾರ. ನಮ್ಮವರು ಪ್ಲೇಟನ್ನು ಮನೆಗೆ ತಂದು, ಡ್ರಿಲ್ ಹೊಡೆದು, ನಟ್ಟು ಬೋಲ್ಟು ಹಾಕಿ, “ಲಾಕ್‌ಗಿಂತ ಇದ ಗಟ್ಟಿ ನೋಡ್ರಿ” ಎನ್ನುತ್ತಾರೆ. ಹತ್ತು ನಂಬರಿನ ಪಾನಾ ಇದ್ದ ಕಳ್ಳನೂ ಹಾಗೇ ಅನ್ನುತ್ತಾನೆ. ಆದರೂ 8055 ಎಂಬ ನಂಬರನ್ನು ‘ಬಾಸ್’ ಎಂದು ಓದಿಸುತ್ತಿದ್ದ ಪೇಂಟರುಗಳ ಕಾಲ ಮುಗಿಯಿತಲ್ಲ, ಅಷ್ಟಕ್ಕೇ ನಾನು ಈ ನಿಯಮದ ಪರ.

15 ವರ್ಷ ತುಂಬಿದ ಗಾಡಿಯ ನೋಂದಣಿ ನವೀಕರಣಕ್ಕೆ ಫಾರ್ಮ್ 25, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಅರ್ಜಿ, ಮತ್ತು ಗಾಡಿಯನ್ನು ಕಣ್ಣಾರೆ ತೋರಿಸುವುದು. 2022ರ ಏಪ್ರಿಲ್‌ನಿಂದ ಬೈಕಿಗೆ ಶುಲ್ಕ 1,000 ರೂಪಾಯಿ, ಕಾರಿಗೆ 5,000. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ್ದಕ್ಕೆ ಅದರ ಎರಡರಷ್ಟು. ಹಾಲಿನ ಕ್ಯಾನು ಹೊರುವ ಹಳೆಯ ಎಂ-80 ಬೈಕಿಗೆ 2,000 ಕಟ್ಟುವ ಗೌಡರು “ಗುಜರಿಯಾಂವ ಇಷ್ಟ ಕೊಡಂಗಿಲ್ಲ” ಎಂದು ಗೊಣಗುವುದರಲ್ಲಿ ನ್ಯಾಯವಿದೆ. ಆದರೆ ಆ ಗಾಡಿಯ ಬ್ರೇಕನ್ನು ಒಬ್ಬ ಅಧಿಕಾರಿ ನೋಡುವುದು, ಅದು ಶೋರೂಮು ಬಿಟ್ಟ ಮೇಲೆ, ಇಂಥ ನವೀಕರಣದಲ್ಲಿ ಮಾತ್ರ. ಅದಕ್ಕೂ ರೊಕ್ಕ ಉಳಿಸಬೇಕೆ?

ಬೆಳಗಾವಿಯವರದು ಇನ್ನೂ ಬೇರೆ. ಕೊಲ್ಹಾಪುರದ ಎಂಎಚ್-09 ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತಂದು, 12 ತಿಂಗಳು ದಾಟಿದರೂ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರದೆ, ಬೆಳಗಾವಿಯ ಕೆಎ-22 ನಂಬರು ಮಾಡಿಸದೆ ಓಡಿಸುತ್ತಾರೆ. ತಡೆದು ಕೇಳಿದರೆ ‘ಪಾವಣೇರ ಗಾಡಿರಿ’, ಅಂದರೆ ನೆಂಟರದು. ಇಡೀ ಊರಿಗೆ ಅಷ್ಟು ಪಾವಣೇರು ಎಲ್ಲಿಂದ ಬಂದರೋ!

ಈ ಎಲ್ಲ ಕಾಗದಪತ್ರಗಳು ಸೋಲುವುದು ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನ ರಾತ್ರಿ. ಟ್ರ್ಯಾಕ್ಟರಿಗೊಂದು ನಂಬರು, ಟ್ರೇಲರಿಗೆ ಬೇರೆಯದೇ ನಂಬರು. ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ ರಿಫ್ಲೆಕ್ಟರ್ ಬೇಕು. ಆರ್‌ಟಿಒಗೆ ತೋರಿಸುವಾಗ ಟ್ರೇಲರ್ ಖಾಲಿ ಇರುತ್ತದೆ, ಟೇಪು ಮಿಂಚುತ್ತದೆ. ಕಬ್ಬು ಹೇರಿದ ಮೇಲೆ ಗರಿ ಹಿಂದಕ್ಕೂ ಬದಿಗೂ ಜೋತುಬಿದ್ದು ಟೇಪು, ನಂಬರು, ದೀಪ ಮೂರನ್ನೂ ನುಂಗುತ್ತದೆ. ಟ್ರ್ಯಾಕ್ಟರಿನಿಂದ ಟ್ರೇಲರಿಗೆ ಹೋಗುವ ವೈರಿನ ಪ್ಲಗ್ಗು ಮೊದಲ ತಗ್ಗಿನಲ್ಲೇ ಕಿತ್ತಿರುತ್ತದೆ. ಡಬ್ಬಲ್ ಟ್ರೇಲರಾದರೆ ಹಿಂದಿನದಕ್ಕೆ ವೈರು ಎಳೆದೇ ಇರುವುದಿಲ್ಲ. ಅದೇ ಬ್ಯಾಟರಿಯ ಮೇಲೆ ಹಾಡಿನ ಬಾಕ್ಸು ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ. ಟ್ರ್ಯಾಕ್ಟರ್ ಬರುತ್ತಿರುವುದು ಮೂರು ಹೊಲದಾಚೆ ಕೇಳುತ್ತದೆ, ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದಿಲ್ಲ.

ಟೇಪನ್ನು ಟ್ರೇಲರಿನ ಮೈಗೆ ಅಂಟಿಸಿದರೆ ಸಾಲದು. ಹೊಳೆಯುವ ಕೆಂಪು ಬಟ್ಟೆಯನ್ನು ಕೊನೆಯ ಹೊರೆಯ ಹೊರತುದಿಗೆ, ಗರಿಯ ಮೇಲಿಂದ ಎರಡೂ ಬದಿ ಕಟ್ಟಬೇಕು. ಇದನ್ನು ನೋಡಲು ಆರ್‌ಟಿಒ ಸಾಹೇಬರು ಹೊಲಹೊಲಕ್ಕೆ ಬರಲಾರರು. ಪ್ರತಿ ಗಾಡಿಯೂ ತಪ್ಪದೆ ನಿಲ್ಲುವ ಜಾಗ ಒಂದೇ, ಸಕ್ಕರೆ ಫ್ಯಾಕ್ಟರಿಯ ಕಾಟಾ, ಅಂದರೆ ಗಾಡಿ ತೂಗುವ ಕಟ್ಟೆ. ಹಿಂದಿನ ದೀಪ ಹತ್ತದ, ಬಟ್ಟೆ ಕಟ್ಟದ ಗಾಡಿಯನ್ನು ಕಾಟಾಕ್ಕೆ ಹತ್ತಿಸುವುದಿಲ್ಲವೆಂದು ಒಂದು ಹಂಗಾಮು ಬೋರ್ಡು ಹಾಕಿ ನೋಡಲಿ. ಬಲ್ಬು, ವೈರು, ಪ್ಲಗ್ಗು ಎಲ್ಲ ಮೊದಲ ವಾರದೊಳಗೇ ಬರುತ್ತವೆ. ಮೊದಮೊದಲು ಸರದಿಯಲ್ಲಿ ಮುಂದಿನ ಗಾಡಿಯಿಂದ ಹಿಂದಿನ ಗಾಡಿಗೆ ಕಡ ಹೋಗುವುದೂ ಖಂಡಿತ.