ಕಾಲು ಕೊಡುವ ಅರ್ಜಿ

ಡ್ಯಾಶ್‌ಬೋರ್ಡಿನ ಕೆಲವು ದೀಪಗಳಿಗೆ ಅರ್ಥ ಕೇಳಬೇಕಾಗಿಲ್ಲ. ಪೆಟ್ರೋಲ್ ಬಂಕಿನ ಪಂಪ್ ಕಂಡರೆ ಟ್ಯಾಂಕ್ ಖಾಲಿ. ಆಯಿಲ್ ಡಬ್ಬ ಕೆಂಪಗೆ ಹೊಳೆದರೆ ಗಾಡಿ ನಿಲ್ಲಿಸಬೇಕು, ಮಾತಿಲ್ಲ. ಆದರೆ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತ ಎರಡು ಕಂಸ, ನಡುವೆ ಒಂದು ಮಿಂಚು ಕಂಡರೆ? ಬ್ಯಾಟರಿ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಅಲ್ಲ. ಜೀಪ್, ಡಾಡ್ಜ್ ಗಾಡಿಗಳಲ್ಲಿ ಅದು ಎಲೆಕ್ಟ್ರಾನಿಕ್ ಥ್ರಾಟಲ್ ಕಂಟ್ರೋಲಿನ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಕಂಪ್ಯೂಟರ್ ಮೂಲಕ ಹಿಡಿತದಲ್ಲಿಡುವ ವ್ಯವಸ್ಥೆಯ, ದೀಪ. ಫೋರ್ಡ್‌ನವರು ಇದಕ್ಕೆ ಒಂದು ಸ್ಪ್ಯಾನರ್ ಚಿತ್ರ ಹಾಕುತ್ತಾರೆ. ಫೋಕ್ಸ್‌ವ್ಯಾಗನ್‌ನಲ್ಲಿ ಇಪಿಸಿ ಅಂತ ಮೂರು ಅಕ್ಷರ. ಇನ್ನು ಎಷ್ಟೋ ಗಾಡಿಗಳಲ್ಲಿ ಪ್ರತ್ಯೇಕ ದೀಪವೇ ಇಲ್ಲ, ಎಂಜಿನ್ ಚಿತ್ರದ ಹಳದಿ ದೀಪವೇ ಇದಕ್ಕೂ ಉರಿಯುತ್ತದೆ. ಇಷ್ಟು ಮುಖ್ಯವಾದ ವಿಷಯಕ್ಕೆ ಎಲ್ಲರೂ ಸೇರಿ ಒಂದು ಚಿತ್ರ ಆರಿಸಿಕೊಳ್ಳಬಾರದಿತ್ತೇ?

ಈ ದೀಪ ಅರ್ಥವಾಗಬೇಕಾದರೆ ಆಕ್ಸಿಲರೇಟರ್ ಪೆಡಲ್ ಏನು ಮಾಡುತ್ತದೆ ಅಂತ ನೋಡಬೇಕು. ಹಿಂದೆ ಪೆಡಲಿನಿಂದ ಎಂಜಿನ್‌ವರೆಗೆ ಒಂದು ಉಕ್ಕಿನ ಕೇಬಲ್ ಇರುತ್ತಿತ್ತು. ಕಾಲು ಒತ್ತಿದರೆ ಕೇಬಲ್ ಎಳೆಯುತ್ತಿತ್ತು, ಗಾಳಿ ಹೋಗುವ ದಾರಿಯ ತಟ್ಟೆ ತೆರೆದುಕೊಳ್ಳುತ್ತಿತ್ತು. ಅಷ್ಟೇ. 1980ರ ದಶಕದ ಕೊನೆಯ ಹೊತ್ತಿಗೆ ಬಿಎಂಡಬ್ಲ್ಯೂ ತನ್ನ 7 ಸೀರೀಸ್ ಕಾರಿನಲ್ಲಿ ಈ ಕೇಬಲ್ ತೆಗೆದು ವೈರು ಹಾಕಿತು. 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೂ ಅದು ಬಂತು. ಈಗ ಹೊಸ ಕಾರಿನಲ್ಲಿ ಆ ಕೇಬಲ್ ಹುಡುಕಿದರೂ ಸಿಗುವುದಿಲ್ಲ. ನಮ್ಮ ಕಾಲು ಈಗ ಅರ್ಜಿ ಕೊಡುತ್ತದೆ, ಮಂಜೂರು ಮಾಡುವುದು ಗಾಡಿಯೊಳಗಿನ ಕಂಪ್ಯೂಟರ್. ಚಕ್ರ ಜಾರುತ್ತಿದ್ದರೆ ಕೇಳಿದ್ದಕ್ಕಿಂತ ಕಡಿಮೆ ಕೊಡುತ್ತದೆ. ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಹಾಕಿದ್ದರೆ ಕೇಳದೆಯೂ ಕೊಡುತ್ತದೆ. ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಒಟ್ಟಿಗೆ ಒತ್ತಿದರೆ ಹಲವು ಗಾಡಿಗಳು ಬ್ರೇಕಿನ ಮಾತನ್ನಷ್ಟೇ ಕೇಳುತ್ತವೆ. ಒಳ್ಳೆಯದೇ ಬಿಡಿ.

ಕೇಬಲ್ ಸುಳ್ಳು ಹೇಳುವುದಿಲ್ಲ, ವೈರು ಹೇಳಬಹುದು. ಗಾಡಿ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಪೆಡಲಿನಲ್ಲಿ ಒಂದಲ್ಲ, ಎರಡು ಸೆನ್ಸರ್ ಇಡುತ್ತಾರೆ. ಗಾಳಿಯ ತಟ್ಟೆಯ ಹತ್ತಿರ ಇನ್ನೆರಡು. ನನಗೆ ತುಂಬಾ ಹಿಡಿಸಿದ ಜಾಣತನ ಇಲ್ಲಿದೆ. ಒಂದು ಜೋಡಿಯ ಎರಡೂ ಸೆನ್ಸರ್ ಒಂದೇ ಅಂಕಿ ಹೇಳುವುದಿಲ್ಲ. ಹಲವು ಗಾಡಿಗಳ ಪೆಡಲಿನಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು ಇರುತ್ತದೆ. ತಟ್ಟೆಯ ಹತ್ತಿರ ಒಂದು ಏರುತ್ತಾ ಹೋದರೆ ಇನ್ನೊಂದು ಇಳಿಯುತ್ತಾ ಬರುತ್ತದೆ. ಯಾಕೆ ಈ ಸುತ್ತು? ಎರಡೂ ಒಂದೇ ಹೇಳುವಂತಿದ್ದರೆ, ವೈರುಗಳು ಎಲ್ಲೋ ಉಜ್ಜಿ ಒಂದಕ್ಕೊಂದು ತಾಗಿಕೊಂಡಾಗಲೂ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತಿತ್ತು. ಈಗ ತಾಗಿಕೊಂಡ ತಕ್ಷಣ ಲೆಕ್ಕ ತಪ್ಪುತ್ತದೆ, ಕಂಪ್ಯೂಟರ್ ಹಿಡಿಯುತ್ತದೆ, ದೀಪ ಉರಿಯುತ್ತದೆ.

ದೀಪ ಹೊತ್ತಿದಾಗ ಗಾಡಿಯೂ ಬದಲಾಗುತ್ತದೆ. ಪಿಕಪ್ ಹೋಯಿತು, ಎಷ್ಟು ಒತ್ತಿದರೂ ಎಳೆಯುತ್ತಿಲ್ಲ ಅಂತ ಜನ ಗಾಬರಿಯಾಗುತ್ತಾರೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಅನುಮಾನ ಬಂದ ಕಂಪ್ಯೂಟರ್ ಕಾಲಿನ ಮಾತನ್ನು ಅರ್ಧಂಬರ್ಧ ಮಾತ್ರ ನಂಬುತ್ತದೆ. ತೀರಾ ಅನುಮಾನವಾದರೆ ತಟ್ಟೆ ತಿರುಗಿಸುವ ಮೋಟಾರಿಗೆ ಕರೆಂಟೇ ನಿಲ್ಲಿಸುತ್ತದೆ. ಆಗ ಸ್ಪ್ರಿಂಗ್ ಆ ತಟ್ಟೆಯನ್ನು ಹಿಂದಕ್ಕೆ ತರುತ್ತದೆ. ಆದರೆ ಪೂರ್ತಿ ಮುಚ್ಚುವುದಿಲ್ಲ, ಒಂದು ಚೂರು ಸಂದು ಬಿಡುತ್ತದೆ. ಎಂಜಿನ್ ಸತ್ತು ನಡುರಸ್ತೆಯಲ್ಲಿ ನಿಲ್ಲದಿರಲಿ, ಪಕ್ಕಕ್ಕಾದರೂ ಹೋಗಲಿ ಅಂತ. ಆ ಸಂದನ್ನು ಯೋಚಿಸಿ ಬಿಟ್ಟವರಿಗೆ ಒಂದು ನಮಸ್ಕಾರ ಹೇಳಬೇಕು ಅನಿಸುತ್ತದೆ.

ಕೀ ತಿರುಗಿಸಿದಾಗ ಒಂದು ಕ್ಷಣ ಉರಿದು ಆರಿದರೆ ಚಿಂತೆ ಬೇಡ, ಅದು ಬಲ್ಬಿನ ಪರೀಕ್ಷೆ. ಓಡುವಾಗ ಸ್ಥಿರವಾಗಿ ಉರಿದರೆ ಸಾಮಾನ್ಯವಾಗಿ ಗಾಡಿ ನಡೆಯುತ್ತದೆ, ಬೇಗ ತೋರಿಸಬೇಕು. ಜೀಪಿನಂಥ ಗಾಡಿಗಳಲ್ಲಿ ಮಿಣಮಿಣ ಅಂದರೆ ವಿಷಯ ಗಂಭೀರ: ಎಂಜಿನ್ ನಡುಗಬಹುದು, ನಿಂತೂ ಹೋಗಬಹುದು. ಗಾಡಿಯನ್ನು ಪೂರ್ತಿ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ದೀಪ ಹೋಗುತ್ತದೆ. ದೀಪ ಹೋಯಿತು ಅಂದರೆ ರೋಗ ಹೋಯಿತು ಅಂತಲ್ಲ.

ಕಾರಣ ಎಷ್ಟೋ ಸಲ ತೀರಾ ಸಣ್ಣದು. ಸಡಿಲವಾದ ಕನೆಕ್ಟರ್, ಸೊರಗಿದ ಬ್ಯಾಟರಿ, ಕೆಲವು ಗಾಡಿಗಳಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು ಕೂಡ. ಇನ್ನೊಂದು, ಕೊಳೆ. ಎಂಜಿನ್ ಆಫ್ ಇದ್ದಾಗ ಗಾಳಿಯ ರಬ್ಬರ್ ಪೈಪು ಬಿಚ್ಚಿ ಆ ತಟ್ಟೆ ಕೂತಿರುವ ಥ್ರಾಟಲ್ ಬಾಡಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ದುಂಡನೆ ತಟ್ಟೆ, ಅದರ ಅಂಚಿನ ಸುತ್ತ ಕಪ್ಪು ಬಳೆ. ಎಂಜಿನ್ನಿನಿಂದ ಬರುವ ಎಣ್ಣೆ ಆವಿ ಅಲ್ಲಿ ಅಂಟಿ ಜಿಡ್ಡುಗಟ್ಟಿರುತ್ತದೆ. ಈ ಜಿಡ್ಡಿಗೂ ಕಂಪ್ಯೂಟರ್ ಹೊಂದಿಕೊಂಡಿರುತ್ತದೆ: ಗಾಳಿ ಸಾಲದು ಅಂತ ತಟ್ಟೆಯನ್ನು ದಿನದಿನಕ್ಕೆ ಚೂರು ಜಾಸ್ತಿ ತೆರೆಯುತ್ತಾ ಬಂದಿರುತ್ತದೆ. ಹಾಗಾಗಿ ಕ್ಲೀನ್ ಮಾಡಿದ ಮೇಲೆ ಗಾಡಿ ಸುಮ್ನೆ ನಿಂತಾಗಲೂ ಎಂಜಿನ್ ಜೋರಾಗಿ ಗುಂಯ್‌ಗುಡುತ್ತದೆ. ಕೆಡಿಸಿಬಿಟ್ಟೆವಾ ಅನಿಸುತ್ತದೆ ಅಲ್ವಾ? ಇಲ್ಲ, ಅದು ಹೊಸ ಲೆಕ್ಕ ಕಲಿಯಬೇಕು, ಕೆಲವು ಗಾಡಿಗಳಿಗೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡುವ ಉಪಕರಣ) ಹಾಕಿ ಕಲಿಸಬೇಕು. ಮತ್ತೆ, ಕೀ ಆನ್ ಇದ್ದಾಗ ಅಲ್ಲಿಗೆ ಬೆರಳು ಹಾಕಬೇಡಿ. ಮೋಟಾರ್ ತಟಕ್ಕನೆ ತಟ್ಟೆ ಮುಚ್ಚಿತೆಂದರೆ ಬೆರಳಿಗೆ ಚೆನ್ನಾಗಿ ಪೆಟ್ಟಾಗುತ್ತದೆ.

ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ಪಿ2135 ಅಂದರೆ ತಟ್ಟೆಯ ಎರಡು ಸೆನ್ಸರುಗಳ ಲೆಕ್ಕ ತಾಳೆಯಾಗುತ್ತಿಲ್ಲ, ಪಿ2138 ಅಂದರೆ ಪೆಡಲಿನವು. ಗಮನಿಸಿ, ಯಾವ ಪಾರ್ಟ್ ಬದಲಿಸಿ ಅಂತ ಕೋಡ್ ಹೇಳುವುದಿಲ್ಲ. ಕೆಟ್ಟಿರುವುದು ಸೆನ್ಸರ್ರೇ ಇರಬಹುದು, ನಡುವಿನ ವೈರೂ ಇರಬಹುದು. ಆದರೂ ಕೋಡ್ ನೋಡಿದ ಕೂಡಲೇ ಥ್ರಾಟಲ್ ಬಾಡಿ ಪೂರ್ತಿ ಬದಲಿಸೋಣ ಅನ್ನುವವರು ಬೇಕಾದಷ್ಟು ಜನ. ಅಂಥವರನ್ನು ನಾನಾದರೆ ಮೊದಲು ಕೇಳುವುದು ಇಷ್ಟೇ: ಕನೆಕ್ಟರ್ ಬಿಚ್ಚಿ ನೋಡಿದ್ರಾ?